ಕೆಂಪುಕಾಲಿನ ಜೋಳ

ಖಾಲಿ ಇರುವುದನ್ನು ಕಂಡರೆ ತುಂಬಕ್ಕನ ಕೈ ಸುಮ್ಮನಿರುತ್ತಿರಲಿಲ್ಲ. ಕೊಡ ಖಾಲಿಯಿದ್ದರೆ ನೀರು ತುಂಬಬೇಕು, ಯಾರದೇ ಮಗುವಿನ ತಟ್ಟೆ ಖಾಲಿಯಾದರೂ ಬಡಿಸಬೇಕು, ಗೋಡೆಯಲ್ಲಿ ಬಿರುಕು ಕಂಡರೆ ಮಣ್ಣು ಮೆತ್ತಬೇಕು, ನಾಲ್ಕು ಜನ ಸುಮ್ಮನೆ ಕೂತಿದ್ದರೆ ನಡುವೆ ಮಾತು ಸುರಿಯಬೇಕು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಊರು ಮರೆತು ಎಷ್ಟೋ ಕಾಲವಾಗಿತ್ತು. ಒಮ್ಮೆ ಅವಳ ಗಂಡ ಯಾವುದೋ ಆಫೀಸಿನಲ್ಲಿ ಹೆಂಡತಿಯ ಹೆಸರು ಕೇಳಿದಾಗ ತಲೆ ಕೆರೆದುಕೊಂಡು ‘ತುಂಬಕ್ಕ’ ಅಂದುಬಿಟ್ಟನಂತೆ. ಮೇಜಿನ ಹಿಂದೆ ಕೂತವನು ನಕ್ಕ. ಇವನು ಮನೆಗೆ ಬಂದು ಹೇಳಿದ್ದಕ್ಕೆ ಅವಳು ಅವನಿಗಿಂತ ಜೋರಾಗಿ ನಕ್ಕಳು.

ಈ ಗೀಳು ಅಂಟಿದ್ದು ಅಪ್ಪನ ಹೊಲದಲ್ಲಿ. ಅಪ್ಪ ಬಿತ್ತುತ್ತಾ ಮುಂದೆ ಹೋದರೆ, ಮೊಳಕೆ ಬಂದಮೇಲೆ ಸಾಲು ಸಾಲು ನೋಡಿಕೊಂಡು ಖಾಲಿ ಬಿದ್ದ ಗುಣಿಗೆ ಮತ್ತೆ ಕಾಳು ಹಾಕುವುದು ಇವಳ ಕೆಲಸ. ಹಕ್ಕಿ ತಿಂದದ್ದೋ, ಹುಳ ಕಚ್ಚಿದ್ದೋ, ಹುಟ್ಟದೇ ಹೋದದ್ದೋ, ಕಾರಣ ಯಾರಿಗೆ ಬೇಕು? ಗುಣಿ ತುಂಬಬೇಕು, ಅಷ್ಟೆ. ‘ಖಾಲಿ ಗುಣಿ ಅಂದ್ರೆ ಭೂಮಿ ಬಾಯಿ ತೆರೆದು ಕೇಳ್ತಿದೆ ಅಂತ ಕಣಮ್ಮ’ ಅನ್ನುತ್ತಿದ್ದ ಅಪ್ಪ. ಭೂಮಿ ಕೇಳಿದ ಮೇಲೆ ಇಲ್ಲ ಅನ್ನುವುದುಂಟೇ? ಆವತ್ತು ಸೊಂಟಕ್ಕೆ ಕಟ್ಟಿಕೊಂಡ ಕಾಳಿನ ಚೀಲವನ್ನು ಅವಳು ಮದುವೆಯಾದಮೇಲೂ ಬಿಚ್ಚಲಿಲ್ಲ. ಬಟ್ಟೆ ಹರಿದಾಗ ಹೊಸದು ಹೊಲಿದುಕೊಂಡಳು, ಒಳಗಿನ ಕಾಳು ಮಾತ್ರ ಅದೇ ತಳಿ. ಮನೆಜೋಳ. ಕೋಳಿ ತಿನ್ನುವ, ದನ ತಿನ್ನುವ, ಬರ ಬಂದರೆ ಮನುಷ್ಯರೂ ತಿನ್ನುವ ಗಟ್ಟಿ ಮುಸುಕಿನ ಜೋಳ. ಅದರ ಗಿಡದ ಬುಡ ಕೆಂಪಗಿರುತ್ತದೆ, ಮಣ್ಣಲ್ಲಿ ಆಡಿ ಕಾಲು ತೊಳೆಯದ ಮಗುವಿನ ಹಾಗೆ.

ಗಂಡನ ಮನೆಗೆ ಬಂದ ಕೆಲವು ವರ್ಷಕ್ಕೆ ಓರಗಿತ್ತಿ ಬಂದಳು, ಮೈದುನನ ಹೆಂಡತಿ. ಇವಳು ಮಾತಿನ ಮಳೆಯಾದರೆ ಅವಳು ಕಡ್ಡಿ ಮುರಿದ ಹಾಗೆ ಮಾತಾಡುವವಳು. ಎರಡು ಪದ, ಮುಗಿಯಿತು. ಊರಿನವರು ಅವಳನ್ನು ಕಡ್ಡಿ ಎಂದೇ ಕರೆದರು. ಒಂದು ಒಲೆ, ಒಂದು ಬಚ್ಚಲು, ಒಬ್ಬ ಅತ್ತೆ. ಅಷ್ಟರಲ್ಲಿ ಇಬ್ಬರೂ ಹೇಗೋ ಹೊಂದಿಕೊಂಡರು. ಅತ್ತೆ ಕಣ್ಣು ಮುಚ್ಚಿದ ಮೇಲೆ ಅಣ್ಣತಮ್ಮಂದಿರು ಪಾಲಾದರು. ಹಿರಿಯವನಿಗೆ ರಸ್ತೆಯಂಚಿನ ಒಳ್ಳೆ ಹೊಲ, ಕಿರಿಯವನಿಗೆ ಅದರ ಪಕ್ಕದ ಕಲ್ಲುಪಾಲು. ತಮ್ಮ ಲಾರಿ ಓಡಿಸುವವನು, ಮನೆಯಲ್ಲಿ ಇರುವುದೇ ಕಡಿಮೆ, ಸಿಕ್ಕಿದ್ದಕ್ಕೆ ಹೂಂ ಅಂದ. ಆವತ್ತು ತುಂಬಕ್ಕ ಬೆಳಗಿನಿಂದ ಸಂಜೆವರೆಗೆ ಮಾತಾಡಿದಳು. ಪಾತ್ರೆ ಹಂಚುವಾಗ, ಹಗ್ಗ ಹಿಡಿದು ಅಳೆಯುವಾಗ, ಬದು ಹಾಕುವಾಗ ಅವಳ ಬಾಯಿ ನಿಂತಿರಲಿಲ್ಲ. ‘ಇದು ಸರಿಯಿಲ್ಲ’ ಅನ್ನುವ ಒಂದೇ ಒಂದು ಮಾತು ಮಾತ್ರ ಅದರಲ್ಲಿ ಇರಲಿಲ್ಲ. ಕಡ್ಡಿ ಮಾರನೆ ದಿನದಿಂದ ಹೊಲಕ್ಕಿಳಿದು ಕಲ್ಲು ಆರಿಸತೊಡಗಿದಳು. ಆರಿಸಿದ ಕಲ್ಲನ್ನು ಬದುವಿನ ಮೂಲೆಯಲ್ಲಿ ಒಟ್ಟುತ್ತಾ ಹೋದಳು. ರಾಶಿ ಅವಳ ಎದೆಮಟ್ಟ ಬಂತು. ಓರಗಿತ್ತಿಯರ ನಡುವೆ ಜಗಳವೇನೂ ಆಗಲಿಲ್ಲ, ಆದರೆ ಹೋಗಿಬರುವುದು ತಾನಾಗಿ ನಿಂತಿತು.

ಹೀಗಿರುವಾಗ ಊರಿಗೆ ಒಪ್ಪಂದದ ಬೇಸಾಯ ಬಂತು. ಪಕ್ಕದ ಪಟ್ಟಣದಲ್ಲಿ ತರಕಾರಿಯನ್ನು ಬೇಯಿಸಿ ಡಬ್ಬಿಗೆ ತುಂಬುವ ಕಾರ್ಖಾನೆಯೊಂದು ಶುರುವಾಗಿತ್ತು. ಶಾಲೆಗಳಿಗೆ, ಆಸ್ಪತ್ರೆಯ ಅಡಿಗೆಮನೆಗೆ, ಸುತ್ತಲಿನ ಅಂಗಡಿಗಳಿಗೆ ಅವರದೇ ಡಬ್ಬಿ. ಅವರಿಗೆ ಸಿಹಿಜೋಳ ಬೇಕಿತ್ತು. ಹಲ್ಲಿಗೆ ತಾಕಿದರೆ ಹಾಲು ಚಿಮ್ಮುವಂಥ ಎಳೆ ತೆನೆ. ಬೀಜ ಅವರು ಕೊಡುತ್ತಾರೆ, ಬೆಲೆ ಮೊದಲೇ ಗೊತ್ತು ಮಾಡುತ್ತಾರೆ, ತೆನೆ ಬಲಿಯುವ ಮೊದಲೇ ಬಂದು ಒಯ್ಯುತ್ತಾರೆ. ಆದರೆ ಒಬ್ಬಿಬ್ಬರ ತುಂಡು ಹೊಲ ಅವರಿಗೆ ಸಾಲದು. ಕಾಲುವೆಯಿಂದ ರಸ್ತೆಯವರೆಗಿನ ಇಡೀ ಬಯಲು ಒಟ್ಟಿಗೆ ಒಪ್ಪಬೇಕು. ಒಪ್ಪಿಸುವ ಕೆಲಸಕ್ಕೆ ಇಳಿದವಳು ಯಾರು ಅಂತ ಬೇರೆ ಹೇಳಬೇಕೇ? ತುಂಬಕ್ಕ ಮನೆಮನೆ ಸುತ್ತಿದಳು. ಅವಳ ಮಾತು ಕೇಳುವುದಕ್ಕಿಂತ ಒಪ್ಪುವುದೇ ಸುಲಭ ಅಂತ ಕೆಲವರು ಒಪ್ಪಿದರು.

ಕಾರ್ಖಾನೆಯ ಕಡೆಯಿಂದ ಹೊಲ ನೋಡಲು ಬರುತ್ತಿದ್ದವನು ಒಬ್ಬ ಉದ್ದನೆಯ ಮನುಷ್ಯ. ಮಳೆಯಿರಲಿ ಬಿಸಿಲಿರಲಿ, ಕಂಕುಳಲ್ಲಿ ಒಂದು ದೊಡ್ಡ ಕಪ್ಪು ಕೊಡೆ. ಕೊಡೆಯಣ್ಣ ಎಂದು ಹೆಸರಾಯಿತು. ಒಳ್ಳೆಯವನೇ, ಆದರೆ ನಗುವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬರುವವನು. ಮೊದಲ ಸಭೆಯಲ್ಲೇ ಖಂಡಿತವಾಗಿ ಹೇಳಿದ, ‘ಈ ಬಯಲಿನಲ್ಲಿ ಈ ಬಾರಿ ಬೇರೆ ಜೋಳ ಬಿತ್ತೋ ಹಾಗಿಲ್ಲ. ಯಾರ ಹೊಲದಲ್ಲಿ ಕಂಡರೂ ಆ ಹೊಲದ ಬೆಳೆ ನಿಂತ ಹಾಗೇ ಕೊಯ್ದು ಹಾಕ್ತೀವಿ. ಎಲ್ಲಾ ಹೊಲಕ್ಕೂ ಹಬ್ಬಿದೆ ಅಂತ ಗೊತ್ತಾದರೆ ಬಯಲನ್ನೇ ಕೈಬಿಡ್ತೀವಿ.’

ಎಲ್ಲರೂ ತಲೆಯಾಡಿಸಿದರು. ಕಡ್ಡಿ ಎದ್ದು ನಿಂತಳು. ‘ನನ್ನ ಕೋಳಿಗೆ ಏನು ಹಾಕ್ಲಿ?’

‘ಕೊಂಡು ಹಾಕಿ ಅಮ್ಮಾ.’

‘ನನ್ನ ಹೊಲ ಇಟ್ಕೊಂಡು ಕಾಳು ಕೊಳ್ಬೇಕಾ? ಮೂಲೆಲಿ ಒಂದು ಸಾಲು ಹಾಕ್ಕೊಂಡ್ರೆ ಯಾರಿಗೆ ನಷ್ಟ?’

ಸಭೆಯಲ್ಲಿ ಗುಸುಗುಸು ಎದ್ದಿತು. ತುಂಬಕ್ಕ ಓರಗಿತ್ತಿಯ ಕೈ ಎಳೆದು ಕೂರಿಸಿ, ‘ಅವಳ ಜವಾಬ್ದಾರಿ ನನ್ನದು ಕೊಡೆಯಣ್ಣ, ನಾನು ಪಕ್ಕದ ಹೊಲದಲ್ಲೇ ಇರ್ತೀನಿ, ಕಣ್ಣಿಟ್ಟು ಕಾಯ್ತೀನಿ’ ಎಂದಳು. ಬೇಲಿ ಹೀಗೆ ಎದ್ದು ಮಾತು ಕೊಟ್ಟಿತು. ಆ ಬೇಲಿಯೇ ಹೊಲ ಮೇಯುತ್ತದೆಂದು ಯಾರಿಗೆ ಗೊತ್ತಿತ್ತು?

ಬಿತ್ತನೆಯಾಯಿತು. ಮೊಳಕೆ ಬಂತು. ಕಾಗೆಗಳೂ ಬಂದವು. ಸಿಹಿಜೋಳದ ಮೊಳಕೆ ಕಾಗೆಗೂ ಸಿಹಿಯೇ ಇರಬೇಕು, ಅಲ್ಲೊಂದು ಇಲ್ಲೊಂದು ಎಂದು ಕಿತ್ತು ತಿಂದವು. ಸಾಲಿನ ನಡುವೆ ಖಾಲಿ ಗುಣಿಗಳಾದವು. ಕಾರ್ಖಾನೆ ಕೊಟ್ಟ ಬೀಜ ಮುಗಿದಿತ್ತು. ತುಂಬಕ್ಕ ಮೊದಲು ತನ್ನ ಹೊಲದಲ್ಲೇ ನಿಂತು ನೋಡಿದಳು. ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು. ಕೈ ತಾನಾಗಿಯೇ ಸೊಂಟದ ಚೀಲಕ್ಕೆ ಹೋಯಿತು.

ಕೊಡೆಯಣ್ಣನ ಮಾತು ನೆನಪಿರಲಿಲ್ಲ ಅಂತಲ್ಲ. ನೆನಪಿತ್ತು. ಆದರೆ ಅವನು ಹೇಳಿದ್ದು ಬಿತ್ತಬೇಡಿ ಅಂತ. ಬಿತ್ತೋದು ಬೇರೆ, ತುಂಬೋದು ಬೇರೆ. ಆ ಊರಿನಲ್ಲಿ ಯಾವ ರೈತನನ್ನು ಕೇಳಿದರೂ ಅದನ್ನೇ ಹೇಳಿಯಾನು: ಗುಣಿ ತುಂಬುವುದು ಬಿತ್ತನೆಯ ಲೆಕ್ಕಕ್ಕೆ ಬರುವುದಿಲ್ಲ, ಹರಿದ ಬಟ್ಟೆಗೆ ತೇಪೆ ಹಾಕಿದರೆ ಹೊಸ ಬಟ್ಟೆ ಹೊಲಿದಂತಾಯಿತೇ? ಒಂದೊಂದು ಕಾಳು ಗುಣಿಗೆ ಹಾಕಿ ಹೆಬ್ಬೆರಳಲ್ಲಿ ಒತ್ತಿದಳು. ತನ್ನ ಹೊಲ ಮುಗಿಯಿತು. ಆಮೇಲೆ ದಿನಾ ಸಂಜೆ ಕಾಲುವೆಯಿಂದ ಬದುವಿನ ಮೇಲೆ ಮನೆಗೆ ಬರುವಾಗ ಎಡಕ್ಕೂ ಬಲಕ್ಕೂ ಕಣ್ಣು ಹೋಗುತ್ತಿತ್ತು. ಯಾರ ಹೊಲವೆಂದು ನೋಡಲಿಲ್ಲ. ಖಾಲಿ ಕಂಡಲ್ಲಿ ಬಗ್ಗಿದಳು, ಹಾಕಿದಳು, ಒತ್ತಿದಳು, ನಡೆದಳು. ಕಡ್ಡಿಯ ಕಲ್ಲುಪಾಲಿನಲ್ಲಿ ಸ್ವಲ್ಪ ಹೆಚ್ಚೇ ಬಗ್ಗಿದಳು. ಯಾಕೆ ಅಂತ ಅವಳನ್ನು ಕೇಳಿದ್ದರೆ ಉತ್ತರ ಬರುತ್ತಿರಲಿಲ್ಲ. ಪಾಲಿನ ದಿನ ಆಡದೇ ಉಳಿಸಿಕೊಂಡ ಮಾತಿನ ಬದಲಿಗೆ ನಾಲ್ಕು ಕಾಳಾದರೂ ಹಾಕೋಣ ಅನ್ನಿಸಿತ್ತೋ ಏನೋ.

ಮನೆಜೋಳ ಬೇಗ ಬೆಳೆಯುವ ತಳಿ. ತಡವಾಗಿ ಹುಟ್ಟಿದರೂ ಸಿಹಿಜೋಳವನ್ನು ಓಡಿ ಹಿಡಿಯಿತು. ಎಲ್ಲರೂ ಬುಡಕ್ಕೆ ಮಣ್ಣು ಏರಿಸಿದ್ದರಿಂದ ಕೆಂಪುಕಾಲು ಮುಚ್ಚಿಹೋಯಿತು. ಬಯಲೆಲ್ಲ ಒಂದೇ ಹಸಿರು. ಕಡ್ಡಿಯ ಹೊಲ ಆ ವರ್ಷ ಮೊದಲ ಸಲ ಆಳೆತ್ತರ ನಿಂತಿತು. ಅವಳು ಕೆಲಸವಿಲ್ಲದಿದ್ದರೂ ಹೋಗಿ ಕಲ್ಲುರಾಶಿಯ ಮೇಲೆ ಕೂತು ಬೆಳೆಯನ್ನು ನೋಡುತ್ತಿದ್ದಳು. ಕಲ್ಲಿನಿಂದ ತೆಗೆದ ಹೊಲ ಅದು. ಅಲ್ಲಿ ಅವಳ ಉಗುರು ಎಷ್ಟು ಸವೆದಿತ್ತೆಂದು ಅವಳಿಗೆ ಮಾತ್ರ ಗೊತ್ತು.

ಗಿಡಗಳ ನೆತ್ತಿಯಲ್ಲಿ ಸೂಲಂಗಿ ಬಂತು, ಅದೇ, ಗಂಡು ಹೂವಿನ ಗರಿ. ಕೊಡೆಯಣ್ಣ ಬಂದ. ಎಲ್ಲರನ್ನೂ ಕಡ್ಡಿಯ ಹೊಲಕ್ಕೇ ಕರೆದ, ಬೆಳೆ ಚೆನ್ನಾಗಿ ಬಂದದ್ದು ಅಲ್ಲೇ ಅಂತ. ಕಡ್ಡಿಯ ಮುಖದಲ್ಲಿ ಅಪರೂಪಕ್ಕೆ ಬೆಳಕಿತ್ತು. ಅವನು ಕೊಡೆ ಬಿಚ್ಚಿ ತಲೆಕೆಳಗು ಹಿಡಿದು, ಒಂದು ಸೂಲಂಗಿಯನ್ನು ಬಗ್ಗಿಸಿ ಒಳಗೆ ಕೊಡವಿದ. ಕಪ್ಪು ಬಟ್ಟೆಯ ಮೇಲೆ ಹಳದಿ ಪುಡಿ ಉದುರಿತು.

‘ನೋಡಿ, ಇದು ಗಾಳೀಲಿ ಹಾರಿ ತೆನೆಯ ಕೂದಲ ಮೇಲೆ ಬೀಳುತ್ತೆ. ಒಂದೊಂದು ಕೂದಲಿಗೆ ಒಂದೊಂದು ಕಾಳು. ಮನೆಜೋಳದ ಪುಡಿ ಬಿತ್ತು ಅಂತಿಟ್ಕೊಳ್ಳಿ, ಆ ಕಾಳು ಸಿಹಿ ಆಗಲ್ಲ. ಗಟ್ಟಿ, ಸಪ್ಪೆ. ಅದೂ ಮುಂದಿನ ಬೆಳೇಲಿ ಅಲ್ಲ, ಇದೇ ತೆನೇಲಿ. ಒಂದು ಗಿಡದ ಪುಡಿ ಎಷ್ಟೋ ತೆನೆ ಕೆಡಿಸುತ್ತೆ. ಬೇರೆ ಜೋಳ ಬೇಡ ಅಂದದ್ದು ಅದಕ್ಕೇ.’

ತುಂಬಕ್ಕನ ಕೈ ಸೊಂಟದ ಚೀಲದ ಮೇಲೆ ಹೋಯಿತು, ಸುಟ್ಟ ಹಾಗೆ ಹಿಂದೆ ಬಂತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದಳು. ಎಲ್ಲರ ಕಣ್ಣೂ ಕೊಡೆಯೊಳಗಿತ್ತು, ಕಡ್ಡಿಯ ಕಣ್ಣೊಂದನ್ನು ಬಿಟ್ಟು.

ಕೊಡೆ ಮಡಿಸುತ್ತಾ ಕೊಡೆಯಣ್ಣ ತಲೆಯೆತ್ತಿದ. ಸಾಲಿನ ನಡುವೆ ಒಂದು ಸೂಲಂಗಿ ಮಾತ್ರ ಕಡುಗೆಂಪಗಿತ್ತು. ಅವನು ಹೋಗಿ ಬುಡದ ಮಣ್ಣನ್ನು ಬೂಟಿನಿಂದ ಕೆದಕಿದ. ಕೆಂಪುಕಾಲು. ನಾಲ್ಕು ಸಾಲು ಆಚೆ ಇನ್ನೊಂದು. ಅದರಾಚೆ ಮತ್ತೊಂದು. ಬಿಚ್ಚಿಕೊಳ್ಳದ ಗರಿಗಳನ್ನು ಒತ್ತಿ ನೋಡಿದ.

‘ಇನ್ನೂ ಬಾಯಿ ಬಿಟ್ಟಿಲ್ಲ. ನಾಳೆ ಇಬ್ಬನಿ ಆರಿ ಬಿಸಿಲು ಏರ್ತಿದ್ದ ಹಾಗೆ ಬಿಡುತ್ತೆ’ ಅಂದ. ಆಮೇಲೆ ಕಡ್ಡಿಯ ಕಡೆ ತಿರುಗಿದ. ‘ಅಮ್ಮಾ, ಬೀಜ ಬೆರೆಸಿ ಬಿತ್ತಿದೀರಿ.’

‘ನಾನು ಬಿತ್ತಿಲ್ಲ.’

‘ಮತ್ತೆ ಆಕಾಶದಿಂದ ಬಿತ್ತಾ?’

ಯಾರೋ ಹಿಂದಿನಿಂದ ಅಂದರು, ‘ಕೋಳಿಗೆ ಬೇಕು ಅಂತ ಆವತ್ತೇ ಹೇಳಿದ್ಲಲ್ಲ!’ ಇನ್ನೊಬ್ಬರು, ‘ಒಬ್ಬಳ ಹಟಕ್ಕೆ ಊರೆಲ್ಲ ಮುಳುಗಬೇಕಾ?’

‘ಮಾತು ಬೇಡ’ ಎಂದ ಕೊಡೆಯಣ್ಣ. ‘ನಾಳೆ ಬೆಳಿಗ್ಗೆ ಕೊಯ್ಯೋರನ್ನ ಕರ್ಕೊಂಡು ಬರ್ತೀನಿ. ಇಬ್ಬನಿ ಆರೋ ಮೊದಲು ಈ ಹೊಲ ಮಲಗಬೇಕು. ಆಮೇಲೆ ಉಳಿದ ಹೊಲ ನೋಡ್ತೀನಿ. ಅಲ್ಲೂ ಕಂಡರೆ ನನ್ನ ಕೈಲಿ ಏನೂ ಇಲ್ಲ.’

ಕಡ್ಡಿ ಅವನನ್ನು ನೋಡಲಿಲ್ಲ, ಕೂಗಿದವರನ್ನೂ ನೋಡಲಿಲ್ಲ. ತುಂಬಕ್ಕನನ್ನೇ ನೋಡಿದಳು. ಜವಾಬ್ದಾರಿ ನನ್ನದು ಅಂದವಳಲ್ಲವೇ? ಎಲ್ಲರೂ ತುಂಬಕ್ಕ ಏನಾದರೂ ಅಂದಾಳೆಂದು ಕಾದರು, ಯಾಕೆಂದರೆ ಆ ಊರಿನಲ್ಲಿ ಅಷ್ಟು ಹೊತ್ತು ಮೌನ ಉಳಿಯಲು ಅವಳು ಎಂದೂ ಬಿಟ್ಟಿರಲಿಲ್ಲ. ಈ ಸಲ ಬಿಟ್ಟಳು. ಜನ ಚದುರಿದರು.

ಸಂಜೆ ಗಂಡ ಯಾರದೋ ಪಂಪು ರಿಪೇರಿ ಮುಗಿಸಿ, ಕೈಯ ಎಣ್ಣೆ ಒರೆಸಿಕೊಳ್ಳುತ್ತಾ ಬಂದ. ಅವನು ಮಾತಿಗೆ ಹೆಂಡತಿಯನ್ನು ನೆಚ್ಚಿಕೊಂಡವನು. ತಟ್ಟೆಯ ಮುಂದೆ ಕೂತು, ‘ನಾಳೆ ಅವಳ ಹೊಲ ಕೊಯ್ತಾರಂತೆ’ ಅಂದ.

‘ಹೂಂ.’

ಅವನು ಕೈ ನಿಲ್ಲಿಸಿದ. ‘ಮೈಗೆ ಹುಷಾರಿಲ್ವೇನೇ?’

‘ಚೆನ್ನಾಗೇ ಇದೀನಿ.’

‘ಸೊಂಟದ ಚೀಲ ಎಲ್ಲಿ?’

‘ಒಗೆಯೋಕೆ ಹಾಕಿದೀನಿ ರೀ.’

ಮದುವೆಯಾದಾಗಿನಿಂದ ಆ ಚೀಲ ಒಗೆದದ್ದನ್ನು ಅವನು ನೋಡಿರಲಿಲ್ಲ. ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದಳು, ಅವನು ಕೇಳದೆ ಉಂಡೆದ್ದು ಹೋದದ್ದಕ್ಕೆ ಅವನ ಮೇಲೆ ಸಿಟ್ಟೂ ಬಂತು. ತಪ್ಪು ಮಾಡಿದವರಿಗೆ ಸಿಟ್ಟು ಬೇಗ ಬರುತ್ತದೆ.

ಚೀಲ ಕಟ್ಟಿಗೆಯ ರಾಶಿಯ ಹಿಂದೆ ಬಿದ್ದಿತ್ತು. ಅವಳು ಒಲೆಯ ಮುಂದೆ ಕೂತು ಯೋಚಿಸಿದಳು. ಬಾಯಿ ಬಿಟ್ಟರೆ ಎಲ್ಲರ ಹೊಲದಲ್ಲೂ ತಾನು ಕಾಳು ಹಾಕಿದ್ದು ಹೊರಬೀಳುತ್ತದೆ, ಕೊಡೆಯಣ್ಣ ಬಯಲನ್ನೇ ಕೈಬಿಡುತ್ತಾನೆ, ತಾನು ಮನೆಮನೆಗೆ ಹೋಗಿ ಒಪ್ಪಿಸಿದವರೆಲ್ಲ ಬೀದಿಗೆ ಬರುತ್ತಾರೆ. ಬಾಯಿ ಮುಚ್ಚಿಕೊಂಡು, ಉಳಿದ ಹೊಲದಲ್ಲಿ ಅವನ ಕಣ್ಣಿಗೆ ಏನೂ ಬೀಳದಿದ್ದರೆ, ಕಡ್ಡಿಯ ಹೊಲ ಒಂದೇ ಹೋಗುತ್ತದೆ. ಒಂದೇ. ಆ ‘ಒಂದೇ’ ಎಂಬ ಮಾತು ಮನಸ್ಸಿಗೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗಲೂ ಆಗದು ಉಗುಳಲೂ ಆಗದು. ಕೊನೆಗೆ ಒಂದು ದಾರಿ ಹೊಳೆಯಿತು. ನಸುಕಿನಲ್ಲೇ ಹೋಗಿ ಎಲ್ಲರ ಹೊಲದ ಕೆಂಪುಕಾಲನ್ನೂ ಯಾರಿಗೂ ಕಾಣದ ಹಾಗೆ ಕಿತ್ತುಬಿಟ್ಟರೆ? ಆಮೇಲೆ ಕಡ್ಡಿಯ ವಿಚಾರ ಏನಾದರೂ ಮಾಡಬಹುದು. ಏನು ಮಾಡಬಹುದು ಅನ್ನುವಲ್ಲಿಗೆ ಅವಳ ಯೋಚನೆ ಹೋಗಲಿಲ್ಲ, ಅವಳೇ ಹೋಗಗೊಡಲಿಲ್ಲ.

ಸಾಲು ಕಾಣುವಷ್ಟು ಬೆಳಕಾಗುತ್ತಲೇ ಹೊಲಕ್ಕಿಳಿದಳು. ಜೋಳದ ಗರಿ ಗರಗಸವಿದ್ದ ಹಾಗೆ, ಮುಖಕ್ಕೂ ತೋಳಿಗೂ ಗೀರು ಎಳೆಯಿತು. ಇಬ್ಬನಿಗೆ ಬಟ್ಟೆ ಒದ್ದೆಯಾಗಿ ಮೈಗೆ ಅಂಟಿತು. ಸೂಲಂಗಿ ಹೊರಬಂದ ಗಿಡ ಕಣ್ಣಿಗೆ ಬೀಳುತ್ತಿತ್ತು. ಗರಿಯೊಳಗೆ ಇನ್ನೂ ಸುತ್ತಿಕೊಂಡಿದ್ದರೆ ಮಂಡಿಯೂರಿ ಬುಡ ಕೆದಕಿ ನೋಡಬೇಕು. ತನ್ನ ಹೊಲ ಮುಗಿಸಿ, ಕಿತ್ತದ್ದನ್ನು ಬದುವಿನ ಬುಡದಲ್ಲಿ ಅಡಗಿಸಿಟ್ಟಳು. ಕಡ್ಡಿಯ ಹೊಲವನ್ನು ಬಳಸಿಕೊಂಡು ಹೋಗಿ ಆಚೆಯದಕ್ಕೆ ನುಗ್ಗಿದಳು. ಎಲ್ಲಿ ಬಗ್ಗಿದ್ದೆ, ಎಲ್ಲಿ ಹಾಕಿದ್ದೆ, ಒಂದೂ ನೆನಪಿಲ್ಲ. ದಾನ ಮಾಡಿದವರು ಲೆಕ್ಕ ಇಡಬಾರದು ಅನ್ನುತ್ತಾರೆ, ಇದೆಂಥ ದಾನವೋ! ಕಿತ್ತ ಗಿಡವನ್ನು ಕಂಕುಳಲ್ಲಿ ಅವುಚಿಕೊಂಡು ಕಳ್ಳಿಯ ಹಾಗೆ ಸಾಲಿನಿಂದ ಸಾಲಿಗೆ ಓಡಿದಳು. ಕಾಲುವೆಯ ಕಡೆ ಆಕಾಶ ಕೆಂಪಾಯಿತು. ಇನ್ನೂ ಅರ್ಧ ಬಯಲು ಉಳಿದಿತ್ತು. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಇದು ಎಂದು ಗೊತ್ತಾದಾಗ ಅವಳಿಗೆ ಅಳು ಬಂತು.

ತಿರುಗಿ ಬರುವಾಗ ಕಡ್ಡಿಯ ಹೊಲದ ನಡುವೆ ಬಂದಿದ್ದಳು. ಎದುರಿಗೇ ಒಂದು ಕೆಂಪು ಸೂಲಂಗಿ. ಕೈ ಹಾಕಿ ಕಿತ್ತಳು.

‘ಅದೊಂದು ಕಿತ್ರೆ ಮುಗೀತಾ ಅಕ್ಕ?’

ಕಡ್ಡಿ ಕಲ್ಲುರಾಶಿಯ ಮೇಲೆ ಕೂತಿದ್ದಳು. ಎಷ್ಟು ಹೊತ್ತಿನಿಂದ ಕೂತಿದ್ದಳೋ, ಹೆಗಲ ಮೇಲಿನ ಬಟ್ಟೆಯೂ ಒದ್ದೆ. ತನ್ನ ಹೊಲವನ್ನು ಕೊನೆಯ ಸಲ ನೋಡಲು ಬಂದವಳ ಹಾಗಿದ್ದಳು.

ತುಂಬಕ್ಕನ ಕಂಕುಳಿನಿಂದ ಗಿಡಗಳು ಜಾರಿ ಬಿದ್ದವು. ‘ನಾನು... ನಾನು ಸುಮ್ಮನೆ ನೋಡೋಣ ಅಂತ...’

‘ನೀನು ಹಾಕಿದ್ದು ಅಂತ ನನಗೆ ಗೊತ್ತು.’

‘ಯಾವಾಗಿಂದ?’

‘ಹಾಕಿದಾಗಿಂದ. ದಿನಾ ಸಂಜೆ ನೀನು ಬದು ಮೇಲೆ ಬಗ್ಗೋದು ನಮ್ಮ ಹಿತ್ತಿಲಿಂದ ಕಾಣುತ್ತೆ.’

‘ಮತ್ತೆ ಆಗ್ಲೇ ಯಾಕೆ ಬೇಡ ಅನ್ಲಿಲ್ಲ? ಬೈದಾದ್ರೂ ಬೈಬಾರ್ದಿತ್ತಾ?’

ಕಡ್ಡಿ ಒಂದು ಕಲ್ಲನ್ನು ಕೈಯಲ್ಲಿ ತಿರುಗಿಸಿದಳು. ಎರಡು ಪದಕ್ಕಿಂತ ಹೆಚ್ಚು ಆಡುವುದು ಅವಳಿಗೆ ಕಷ್ಟವಾಗುತ್ತಿತ್ತು. ‘ಸಂತೋಷ ಆಗಿತ್ತು ಅಕ್ಕ. ಪಾಲಾದ ಮೇಲೆ ಈ ಹೊಲದ ಕಡೆ ನಿಮ್ಮ ಮನೆಯೋರು ಯಾರೂ ತಿರುಗಿ ನೋಡಿರ್ಲಿಲ್ಲ. ಅಕ್ಕನ ಕೈ ನನ್ನ ಹೊಲಕ್ಕೂ ಬಂತಲ್ಲ ಅಂತ ಒಳಗೆ ಹೋಗಿ ಅತ್ತುಬಿಟ್ಟೆ. ಪುಡಿ ಹಾರೋದು ಗೀರೋದು ನನಗೇನು ಗೊತ್ತಿತ್ತು?’

‘ನಿನ್ನೆ? ನಿನ್ನೆ ಎಲ್ಲರೂ ನಿನ್ನನ್ನ ಅಂದಾಗ ನನ್ನ ಕಡೆ ಬೆರಳು ತೋರಿಸಬಹುದಿತ್ತಲ್ಲೇ!’

‘ನೀನೇ ಹೇಳ್ತೀಯ ಅಂತ ಕಾದೆ.’

ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ರಸ್ತೆಯ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಬಂತು. ಕೊಯ್ಯುವವರು. ಗರಿಗಳ ತುದಿಯ ಇಬ್ಬನಿ ಇನ್ನೂ ಹೊಳೆಯುತ್ತಿತ್ತು, ಆದರೆ ಬಿಸಿಲು ಕಾಲುವೆ ದಾಟಿತ್ತು. ತುಂಬಕ್ಕ ಬದು ಹತ್ತಿದಳು. ಕಲ್ಲುರಾಶಿಯ ಮೇಲೆ ಓರಗಿತ್ತಿಯ ಪಕ್ಕ ಏರಿ ನಿಂತು, ಊರಿನ ಕಡೆ ಮುಖ ಮಾಡಿ ಕೂಗಿದಳು. ಜೀವಮಾನವಿಡೀ ಆಡಿದ ಮಾತೆಲ್ಲ ಇದೊಂದಕ್ಕೆ ಅಭ್ಯಾಸವಾಗಿತ್ತೇನೋ ಅನ್ನುವ ಹಾಗೆ ಕೂಗಿದಳು.

‘ಬನ್ರೋ! ಎಲ್ಲಾ ಬನ್ನಿ! ಕೆಂಪುಕಾಲು ನಿಮ್ಮ ಹೊಲದಲ್ಲೂ ಇದೆ! ಹಾಕಿದ್ದು ನಾನು! ಅವಳಲ್ಲ, ನಾನು! ಇಬ್ಬನಿ ಆರೋ ಮೊದಲು ಕೀಳಬೇಕು, ಬನ್ನಿ!’

ಬೈದುಕೊಂಡೇ ಬಂದರು. ಬೈಗುಳಕ್ಕೆ ಹೊತ್ತಿರಲಿಲ್ಲ ಅನ್ನುವುದೇ ಅವಳ ಪುಣ್ಯ. ಗಂಡಸರು ಹೆಂಗಸರು ಅನ್ನದೆ ಸಾಲಿಗೊಬ್ಬರು ನುಗ್ಗಿದರು. ಅವಳ ಗಂಡ ಎಣ್ಣೆಯ ಕೈಯಲ್ಲೇ ಬಂದ, ಅವಳ ಮುಖ ನೋಡಿದ, ಪಕ್ಕದ ಸಾಲು ಹಿಡಿದ. ಕೊಡೆಯಣ್ಣ ಕೊಯ್ಯುವವರನ್ನು ರಸ್ತೆಯಲ್ಲೇ ನಿಲ್ಲಿಸಿ ನೋಡುತ್ತಿದ್ದ. ಅವನ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಕಿತ್ತ ಗಿಡಗಳನ್ನು ಅವನ ಮುಂದೆ ಹೊಲಕ್ಕೊಂದು ಗುಡ್ಡೆಯಾಗಿ ತಂದು ಹಾಕಿದರು.

ಕೊನೆಯ ಗಿಡ ಬಂದಾಗ ಗರಿಯ ಮೇಲಿನ ಹನಿ ಆರುತ್ತಿತ್ತು. ಎಲ್ಲರೂ ಸುತ್ತ ನಿಂತರು. ತುಂಬಕ್ಕ ಮುಂದೆ ಬಂದು, ‘ಗುಣಿ ಖಾಲಿ ಕಂಡಿತು, ತುಂಬಿದೆ. ಬಿತ್ತನೆ ಅಲ್ಲ ಅಂದ್ಕೊಂಡೆ. ನಿನ್ನೆ ಹೇಳೋ ಧೈರ್ಯ ಆಗ್ಲಿಲ್ಲ. ಏನು ಮಾಡೋದಿದ್ರೂ ನನಗೆ ಮಾಡಿ’ ಅಂದಳು. ಅವಳ ಬದುಕಿನ ಅತಿ ಚಿಕ್ಕ ಭಾಷಣ ಅದು.

ಕೊಡೆಯಣ್ಣ ಕೊಡೆ ಬಿಚ್ಚಿ ತಲೆಕೆಳಗು ಹಿಡಿದ. ಕಾಲುವೆಯ ಕಡೆಯ ಗುಡ್ಡೆಯಿಂದ ಒಂದೊಂದೇ ಸೂಲಂಗಿ ತೆಗೆದು ಕೊಡವಿದ. ಏನೂ ಬೀಳಲಿಲ್ಲ. ಉಗುರಿನಿಂದ ಹೂವನ್ನು ಬಿಡಿಸಿ ನೋಡಿದ. ‘ಮುಚ್ಚಿದೆ’ ಅಂದ. ಮುಂದಿನ ಗುಡ್ಡೆ. ಮುಚ್ಚಿದೆ. ಅದರ ಮುಂದಿನದು. ಕಡ್ಡಿಯ ಗುಡ್ಡೆಗೆ ಬಂದಾಗ ತುಂಬಕ್ಕ ಕಣ್ಣು ಮುಚ್ಚಿಕೊಂಡಳು. ಕೊಡವಿದ ಸದ್ದು, ಮತ್ತೆ ಕೊಡವಿದ ಸದ್ದು. ‘ಇದೂ ಮುಚ್ಚಿದೆ.’

ಉಳಿದದ್ದು ತುಂಬಕ್ಕನ ಗುಡ್ಡೆ. ಕೊಡವಿದ. ಕಪ್ಪು ಬಟ್ಟೆಯ ಮೇಲೆ ಒಂದು ಕಣವೂ ಬೀಳಲಿಲ್ಲ. ಯಾರೋ ಉಸ್ಸೆಂದರು, ಯಾರೋ ನಕ್ಕೂಬಿಟ್ಟರು. ಕೊಡೆಯಣ್ಣ ಮಾತ್ರ ಆ ಸೂಲಂಗಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದ. ಗರಿಯಿಂದ ಪುಟ್ಟ ಪುಟ್ಟ ಕೆಂಪು ಚೀಲಗಳು ಜೋತುಬಿದ್ದಿದ್ದವು. ಒಂದನ್ನು ಬೆರಳಲ್ಲಿ ಒತ್ತಿದ.

‘ಇದು ಖಾಲಿ’ ಅಂದ. ‘ಬೀಳೋದೆಲ್ಲ ಬಿದ್ದಾಗಿದೆ. ಅಮ್ಮಾ, ನಿಮ್ಮ ಹೊಲದಲ್ಲಿ ಮೊದಲು ಹಾಕಿದ್ರಾ?’

ತುಂಬಕ್ಕ ತಲೆಯಾಡಿಸಿದಳು.

‘ಹಾಗಾದರೆ ನಿನ್ನೆ, ಮೊನ್ನೆಯೇ ಬಿಟ್ಟಿದೆ. ಗಾಳಿ ರಸ್ತೆ ಕಡೆ ಬೀಸ್ತಿದೆ, ನಿಮ್ಮದು ರಸ್ತೆಯಂಚಿನ ಹೊಲ, ಬೇರೆಯವರು ಉಳ್ಕೊಂಡ್ರು. ನಿಮ್ಮ ತೆನೆ ಉಳೀಲಿಲ್ಲ. ಹಾಗೇ ಉಳಿಸಿದ್ರೆ ಬುಟ್ಟೀಲಿ ಎಲ್ಲರ ತೆನೆ ಜೊತೆ ಬೆರೆಯುತ್ತೆ.’ ಅವನು ಕೊಡೆ ಮಡಿಸಿದ. ಆ ಹೊತ್ತಿಗೆ ಅವನ ದನಿ ಸ್ವಲ್ಪ ಮೆತ್ತಗಾಗಿತ್ತು. ‘ಬಯಲನ್ನ ಕೈಬಿಡಿ ಅಂತ ನಾನು ಬರೆಯಲ್ಲ. ಆದರೆ ಒಂದು ಹೊಲ ಕೊಯ್ಯಲೇಬೇಕು.’

‘ಕೊಯ್ಯಿರಿ’ ಎಂದಳು ತುಂಬಕ್ಕ.

ಕೊಯ್ಯುವವರು ಕಡ್ಡಿಯ ಹೊಲ ಬಿಟ್ಟು ಇವಳ ಹೊಲಕ್ಕಿಳಿದರು. ಸಾಲು ಸಾಲಾಗಿ ಸಿಹಿಜೋಳ ಮಲಗಿತು. ಎಳೆ ತೆನೆಗಳ ಕೂದಲು ಮಣ್ಣಾಯಿತು. ದನ ಇದ್ದವರು ಹೊರೆ ಕಟ್ಟಿ ಒಯ್ದರು. ಕಟ್ಟುವ ಹಗ್ಗವನ್ನು ಅವಳೇ ಎತ್ತಿ ಎತ್ತಿ ಕೊಟ್ಟಳು. ನಡುಹಗಲಿಗೆ ಹೊಲದಲ್ಲಿ ಕೂಳೆ ಬಿಟ್ಟು ಏನೂ ಉಳಿದಿರಲಿಲ್ಲ. ಅವಳು ಮನೆಗೆ ಹೋಗಿ ಕಟ್ಟಿಗೆಯ ಹಿಂದಿನ ಚೀಲವನ್ನು ತಂದು, ಒಳಗಿದ್ದ ಕಾಳನ್ನೆಲ್ಲ ಕಡ್ಡಿಯ ಕೋಳಿಗಳ ಮುಂದೆ ಸುರಿದು, ಬರಿ ಚೀಲವನ್ನು ಮೊಳೆಗೆ ನೇತುಹಾಕಿದಳು.

ಆಮೇಲಿನ ದಿನಗಳು ಕೆಟ್ಟವು. ಬೈದವರು ಬೈಯುವುದನ್ನು ನಿಲ್ಲಿಸಿದರು, ಅದು ಹೇಗೂ ನಿಲ್ಲುತ್ತದೆ. ಆದರೆ ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಆ ಬೋಳು ಹೊಲ. ಸುತ್ತ ಎತ್ತರದ ಹಸಿರು, ನಡುವೆ ಅದೊಂದು. ತುಂಬಕ್ಕ ಬದುವಿನ ಮೇಲೆ ಕೂತು ಅದನ್ನು ನೋಡುತ್ತಿದ್ದಳು. ಕೈ ಸೊಂಟಕ್ಕೆ ಹೋಗುತ್ತಿತ್ತು, ಅಲ್ಲಿ ಏನೂ ಇರುತ್ತಿರಲಿಲ್ಲ. ಏನಾದರೂ ಹಾಕೇ ಎಂದು ಗಂಡ ಅಂದ. ‘ಬೇಡ ರೀ, ನನ್ನ ಕೈ ಕಂಡ್ರೆ ನನಗೇ ಹೆದರಿಕೆ’ ಅಂದಳು. ಮಾತೂ ಕಡಿಮೆಯಾಯಿತು. ಊರಿಗೆ ಮೊದಮೊದಲು ಆರಾಮೆನಿಸಿತು, ಆಮೇಲೆ ಕಿವಿ ಬಿಕೋ ಎಂದಿತು.

ಕಾರ್ಖಾನೆಯ ಬುಟ್ಟಿಗಳು ಬಂದು ಬಯಲಿನ ಮೊದಲ ತೆನೆ ಹೋಯಿತು. ಕಡ್ಡಿಯದೂ ಹೋಯಿತು. ಒಂದು ಕಾಳೂ ಗಟ್ಟಿ ಬಂದಿಲ್ಲವೆಂದು ಕೊಡೆಯಣ್ಣ ತಾನೇ ಬಂದು ಹೇಳಿದ. ಆ ಸಂಜೆ ತುಂಬಕ್ಕ ಎಂದಿನಂತೆ ಬದುವಿನ ಮೇಲೆ ಕೂತಿದ್ದಾಗ ಕಡ್ಡಿ ತನ್ನ ಹೊಲದ ಕಡೆಯಿಂದ ಬಂದಳು. ಮುಷ್ಟಿ ಬಿಗಿ ಹಿಡಿದಿದ್ದಳು.

‘ಏನೇ ಅದು?’

ಕಡ್ಡಿ ಮುಷ್ಟಿ ಬಿಚ್ಚಿದಳು. ಅಲಸಂದೆ ಕಾಳು.

ತುಂಬಕ್ಕ ಹಿಂದಕ್ಕೆ ಸರಿದಳು. ‘ಅಯ್ಯೋ ಬೇಡ ಕಣೇ, ಮತ್ತೇನಾದ್ರೂ ಆದ್ರೆ...’

‘ಕೇಳ್ಕೊಂಡು ಬಂದಿದೀನಿ ಅಕ್ಕ. ಕೊಡೆಯಣ್ಣನ್ನ ರಸ್ತೇಲೇ ನಿಲ್ಸಿ ಕೇಳ್ದೆ. ಇದು ಹಾಕಬಹುದಂತೆ.’ ಅರ್ಧ ಕಾಳನ್ನು ಅಕ್ಕನ ಅಂಗೈಗೆ ಸುರಿದು, ಇನ್ನರ್ಧ ತಾನಿಟ್ಟುಕೊಂಡಳು. ‘ಬಗ್ಗು.’

ತುಂಬಕ್ಕ ಅಂಗೈಯನ್ನು ನೋಡಿದಳು, ಹೊಲವನ್ನು ನೋಡಿದಳು. ಆಮೇಲೆ ಇಬ್ಬರೂ ಬದು ಇಳಿದು, ಒಂದೊಂದು ಸಾಲು ಹಿಡಿದು ಬಗ್ಗಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತುಂಬಕ್ಕ ಮಾತಿಗೆ ಶುರುವಿಟ್ಟಳು. ಕಡ್ಡಿ ಸಾಲಿನ ಕೊನೆಯವರೆಗೂ ಹೂಂ ಹೂಂ ಎನ್ನುತ್ತಾ ಬಂದಳು.